ಹಕಾರ ನುಂಗಿದ ಬಿಟ್ಟಿ ಈಕ್ವಲೈಸರ್

ನಮ್ಮ ಅಮ್ಮ ಕೃಷ್ಣಮ್ಮನಿಗೆ ಇಮೇಲ್ ಇದೆ. ಅಮೆರಿಕದಿಂದಲೋ ಜರ್ಮನಿಯಿಂದಲೋ ಅವಳಿಗೆ ಆಗಾಗ ಪತ್ರ ಬರುತ್ತದೆ. ‘ಕೃಷ್ಣಮ್ಮನವರೇ, ನಿಮ್ಮ ಹೊಸ ಈಕ್ವಲೈಸರ್ ಹೇಗೆ ಕೆಲಸ ಮಾಡುತ್ತಿದೆ?’ ಎಂದು ಅವರು ಇಂಗ್ಲಿಷಿನಲ್ಲಿ ವಿಚಾರಿಸುತ್ತಾರೆ. ಅಮ್ಮನಿಗೆ ಕನ್ನಡ ಓದುವುದೇ ಕಷ್ಟ. ಈಕ್ವಲೈಸರ್ ಅಂದರೇನು ಎಂದು ಯಾರಾದರೂ ಕೇಳಿದರೆ, “ನಮ್ ನಂದಿ ಕಂಪೂಟ್ರಾಗೆ ಗುಡ್ಡ ಎತ್ತಿ ಅಳ್ಳ ತೋಡ್ತಾನಲ್ಲ, ಅದೇಯ” ಅನ್ನುತ್ತಾಳೆ.

ಇದೆಲ್ಲ ನನ್ನ ತಮ್ಮ ನಂದೀಶನ ಕಿತಾಪತಿ. ಲ್ಯಾಪ್‌ಟಾಪಿನಲ್ಲಿ ದನಿ ತಿದ್ದುವ ಸಣ್ಣಪುಟ್ಟ ಸಾಫ್ಟ್‌ವೇರುಗಳಿಗೆ ಪ್ಲಗಿನ್ ಅನ್ನುತ್ತಾರಂತೆ. ಅದರಲ್ಲಿ ಈಕ್ವಲೈಸರ್ ಅನ್ನುವುದು ದಪ್ಪ ದನಿಯನ್ನು ಬೇಕಾದಷ್ಟು ಇಳಿಸಿ, ತೆಳು ದನಿಯನ್ನು ಬೇಕಾದಷ್ಟು ಏರಿಸುವ ಸಾಧನ. ಪರದೆಯ ಮೇಲೆ ಒಂದು ಗೆರೆ, ಅದನ್ನು ಎಲ್ಲಿ ಹಿಡಿದೆತ್ತಿದರೆ ಆ ಭಾಗದ ದನಿ ಮೇಲೇಳುತ್ತದೆ. ದುಡ್ಡು ಕೊಟ್ಟು ಕೊಳ್ಳುವಂಥವೂ ಇವೆ. ನಂದೀಶ ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಒಂದು ಸಲ ಕದ್ದ ಸಾಫ್ಟ್‌ವೇರ್ ಹಾಕಿಕೊಂಡು ಲ್ಯಾಪ್‌ಟಾಪಿನ ತುಂಬ ಜೂಜಿನ ಜಾಹೀರಾತು ಬರತೊಡಗಿದ ಮೇಲೆ, ಮಾಡಿದವರೇ ಮನಸಾರೆ ಬಿಟ್ಟಿ ಕೊಡುವುದನ್ನು ಮಾತ್ರ ಮುಟ್ಟುತ್ತೇನೆ ಎಂದು ಕೂತಿದ್ದಾನೆ. ಆ ಬಿಟ್ಟಿಗೂ ಒಂದು ಇಮೇಲ್ ಕೊಡಬೇಕು, ಕೊಟ್ಟರೆ ಅದಕ್ಕೆ ಅವರ ಪತ್ರಗಳು ಬರುತ್ತಲೇ ಇರುತ್ತವೆ. ಹಾಗಾಗಿ ಮನೆಯವರ ಹೆಸರಿನಲ್ಲೆಲ್ಲ ಒಂದೊಂದು ಇಮೇಲ್ ತೆರೆದ. ತೀರಿಕೊಂಡ ಅಪ್ಪ ಚಿಕ್ಕಬೈರಪ್ಪನ ಹೆಸರಿನಲ್ಲೂ ಒಂದಿದೆ. ಅಪ್ಪನಿಗೆ ಹುಟ್ಟುಹಬ್ಬದ ಶುಭಾಶಯ ಬಂದ ದಿನ ನಾನು ಇವನಿಗೆ ಮುಖಕ್ಕೆ ಮಂಗಳಾರತಿ ಎತ್ತಿದೆ. ಅವನು, “ಅಪ್ಪ ಇದ್ದಿದ್ರೆ ಖುಷಿ ಪಡ್ತಿದ್ರು ಬಿಡಕ್ಕ” ಎಂದು ಹಲ್ಲು ಕಿರಿದ.

ನಾವು ಹೂಡಿಯವರೇ. ತೋಟವಿದ್ದ ಕಡೆ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳಿವೆ, ಕೆಳಗೆ ನನ್ನ ಟೈಲರಿಂಗ್ ಅಂಗಡಿ ಇದೆ, ಪಕ್ಕದಲ್ಲಿ ನಂದೀಶನ ರೂಮು. ಐಟಿಐ ಮುಗಿಸಿದ ಹುಡುಗನನ್ನು ಪೀಣ್ಯದ ಒಂದು ಗೇರ್ ಮಾಡುವ ಯೂನಿಟ್ಟಿಗೆ ಸೇರಿಸಿದ್ದೆವು. ಹೂಡಿಗೂ ಪೀಣ್ಯಕ್ಕೂ ಊರಿನ ಆ ತುದಿ ಈ ತುದಿ. ಬಸ್ಸಿನಲ್ಲಿ ಅರ್ಧ ಆಯಸ್ಸು ಕಳೆಯುತ್ತಿದ್ದ. ಮನೆಗೆ ಬಂದರೆ ಲೇತ್ ಹೇಗೆ ಕೂಗುತ್ತದೆ, ಪ್ರೆಸ್ ಹೇಗೆ ಕೂಗುತ್ತದೆ ಎಂದು ಬಾಯಲ್ಲೇ ಮಾಡಿ ತೋರಿಸುತ್ತಿದ್ದ. ಅಲ್ಲಿ ಆಯುಧಪೂಜೆಗೆ ಮೈಕ್ ಸೆಟ್ಟಿನವನು ಕೈಕೊಟ್ಟಾಗ ಇವನೇ ನಿಂತು ಆಂಪ್ಲಿಫೈಯರ್ ನೋಡಿಕೊಂಡನಂತೆ. ಅಷ್ಟೇ, ತಲೆ ಕೆಟ್ಟಿತು. ಕೆಲಸ ಬಿಟ್ಟು ಮೈಕ್ ಸೆಟ್ ಇಟ್ಟ. ಆಮೇಲೆ ತಳ್ಳುಗಾಡಿಯವರಿಗೆ ಕೂಗು ರೆಕಾರ್ಡ್ ಮಾಡಿಕೊಡತೊಡಗಿದ. ಇವತ್ತಿಗೂ ನಮ್ಮ ಬೀದಿಯಲ್ಲಿ ಸೊಪ್ಪಿನ ಗಾಡಿ ಬಂದರೂ ಇವನದೇ ದನಿ, ಹಳೇ ಕಬ್ಬಿಣದ ಗಾಡಿ ಬಂದರೂ ಇವನದೇ ದನಿ. ಒಂದೊಂದು ಸಲ ಎರಡೂ ಒಟ್ಟಿಗೆ ಬಂದು, ನನ್ನ ತಮ್ಮ ತನ್ನ ಜೊತೆ ತಾನೇ ಜಗಳಕ್ಕೆ ಬಿದ್ದ ಹಾಗೆ ಕೇಳುತ್ತದೆ.

ಎದುರಿನ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವಕ್ಕೆ ಇವನದೇ ಮೈಕ್. ಅಲ್ಲಿ ನಿವೇದಿತಾ ಎಂಬವರ ಪರಿಚಯವಾಯಿತು. ದಾವಣಗೆರೆ ಕಡೆಯವರು, ಒಳ್ಳೆಯ ಹೆಂಗಸು. ಬೇರೆ ಬೇರೆ ರಾಜ್ಯಗಳಿಂದ ಬಂದವರ ಮಕ್ಕಳು ಕನ್ನಡ ಕಲಿಯಲಿ ಎಂದು ಫೋನಿನಲ್ಲಿ ಕೇಳುವ ಕಥೆಗಳನ್ನು ಮಾಡಿಸುತ್ತಿದ್ದರು. ಅದಕ್ಕೆ ಒಬ್ಬ ಅಜ್ಜಿಯ ದನಿ ಬೇಕಿತ್ತು. ನಂದೀಶ ಹಿಂದೆ ಮುಂದೆ ನೋಡದೆ, “ನಮ್ಮಮ್ಮ ಅವ್ರೆ ಮೇಡಂ” ಅಂದುಬಿಟ್ಟ.

ಅವನಿಗೆ ಅದು ಬರೀ ಕೆಲಸವಾಗಿರಲಿಲ್ಲ. ಇಷ್ಟು ದಿನ ಅವನು ಮಾಡಿದ್ದೆಲ್ಲ ಹಾರ್ನಿನಲ್ಲಿ ಕಿರುಚುವ ದನಿ, ಕೇಳಿದವರು ಕಿಟಕಿ ಮುಚ್ಚುವ ದನಿ. ಇದು ಮಕ್ಕಳು ಕಿವಿಗಿಟ್ಟುಕೊಂಡು ಕೇಳುವಂಥದ್ದು. ಅದರಲ್ಲೂ ಅಮ್ಮನ ದನಿ. ನಮ್ಮನ್ನು ಮಲಗಿಸಿದ ದನಿ ನಾಲ್ಕು ಮನೆಗೆ ತಲುಪಲಿ ಎಂಬ ಆಸೆ ನನಗೂ ಇತ್ತು. ಅಮ್ಮನ ಸಂಭ್ರಮವಂತೂ ಕೇಳಬೇಡಿ. ಬಾಡಿಗೆದಾರರಿಗೆಲ್ಲ ಹೇಳಿಕೊಂಡು ಬಂದಳು, ರೆಕಾರ್ಡಿಂಗ್ ದಿನ ರೇಷ್ಮೆ ಸೀರೆ ಉಟ್ಟಳು. ನಂದೀಶ ರೂಮಿನ ಗೋಡೆಗೆಲ್ಲ ಕಂಬಳಿ ನೇತುಹಾಕಿ, ಫ್ಯಾನ್ ಆರಿಸಿ, ಅವಳನ್ನು ಮೈಕಿನ ಮುಂದೆ ಕೂರಿಸಿದ. ಬೆವರು ಒರೆಸಿಕೊಳ್ಳುತ್ತಲೇ ಅಮ್ಮ ಅಂಗಳದಲ್ಲಿ ಒಣಗಿಸಿದ ಅಕ್ಕಿ ತಿನ್ನಲು ಬಂದ ಹಕ್ಕಿಯ ಕಥೆ ಹೇಳಿದಳು.

ಮಾರನೇ ದಿನ ನಿವೇದಿತಾ ಅವರಿಂದ ವಾಟ್ಸಾಪಿನಲ್ಲಿ ದನಿ ಸಂದೇಶ ಬಂತು. “ನಂದೀಶ್, ಅಮ್ಮನ ವಾಯ್ಸ್ ತುಂಬಾ ಚೆನ್ನಾಗಿದೆ. ಆದ್ರೆ ರೆಕಾರ್ಡಿಂಗಲ್ಲಿ ಹ ಎಲ್ಲಾ ಕಟ್ ಆಗ್ತಿದೆ ನೋಡಿ. ಹಕ್ಕಿ ಅನ್ನೋದು ಅಕ್ಕಿ ಅಂತ ಕೇಳುತ್ತೆ. ‘ಅಕ್ಕಿ ಬಂದು ಅಕ್ಕಿ ತಿಂತು’ ಅಂದ್ರೆ ಮಕ್ಕಳಿಗೆ ಏನು ಅರ್ಥ ಆಗುತ್ತೆ? ಸೌಂಡ್ ಸರಿ ಮಾಡಿ ಕಳಿಸ್ತೀರಾ? ನಾಟಕದ ಕಲಾವಿದೆ ಒಬ್ರನ್ನೂ ಕೇಳಿದ್ದೀವಿ, ಬೇಗ ಯಾರು ಅಂತ ನಿರ್ಧಾರ ಮಾಡ್ಬೇಕು.”

ನಂದೀಶ ನನ್ನ ಅಂಗಡಿಗೆ ಓಡಿ ಬಂದ. “ಅಕ್ಕ, ಬಿಟ್ಟಿ ಪ್ಲಗಿನ್ನು ಕೈಕೊಡ್ತು ಕಣೆ. ಅಮ್ಮನ ದನೀನೆಲ್ಲ ಕೊಯ್ದಾಕ್ಬಿಟ್ಟೈತೆ.”

“ಬಿಟ್ಟಿ ತಗೋಬ್ಯಾಡ ಅಂತ ಬಡ್ಕೊಂಡೆ. ಈಗ ಎಂಗೆ ಸರಿ ಮಾಡ್ತೀಯ?” ಅಂದೆ.

ಸರಿ ಮಾಡಲು ಕೂತ. ಹ ಅನ್ನುವುದು ಬರೀ ಉಸಿರು, ಅದು ತೆಳು ದನಿಯ ಜಾಗದಲ್ಲಿ ಇರುತ್ತದೆ, ಅಲ್ಲಿ ಎತ್ತಿದರೆ ಬಂದೇ ಬರಬೇಕು ಎಂಬುದು ಅವನ ಲೆಕ್ಕ. ಎತ್ತಿದ. ಸ ಅನ್ನುವುದೆಲ್ಲ ಕುಕ್ಕರಿನ ಹಾಗೆ ಬುಸ್ಸೆಂದಿತು, ಹ ಬರಲಿಲ್ಲ. ಇನ್ನೊಂದು ಈಕ್ವಲೈಸರ್ ಇಳಿಸಿಕೊಂಡ, ಅದರಲ್ಲೂ ಬರಲಿಲ್ಲ. ಒಂದರಲ್ಲಿ ಬಣ್ಣಬಣ್ಣದ ಗೆರೆ, ಇನ್ನೊಂದರಲ್ಲಿ ಹಳೇ ರೇಡಿಯೋದ ಥರ ತಿರುಗಣೆಗಳು. ರೂಮಿನಿಂದ ಅಮ್ಮನ ದನಿ ಒಮ್ಮೆ ಬಾವಿಯೊಳಗಿಂದ, ಒಮ್ಮೆ ಟೆಲಿಫೋನಿನಿಂದ, ಒಮ್ಮೆ ಮೂಗು ಕಟ್ಟಿದ ಹಾಗೆ ಬರುತ್ತಿತ್ತು. ಹ ಮಾತ್ರ ನಾಪತ್ತೆ.

ಕೊನೆಗೆ ಪರೀಕ್ಷೆ ಮಾಡಲು ನನ್ನನ್ನು ಕರೆದ. “ಅಕ್ಕ, ನೀನೊಂದ್ಸಲ ಆಲು ಅನ್ನು.”

ನಾನು ಮೈಕಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ “ಆಲು” ಅಂದೆ. ನನ್ನ ಮನಸ್ಸಿನಲ್ಲಿ ನಾನು ಹಾಲು ಅಂತಲೇ ಹೇಳಿದ್ದೆ, ದೇವರಾಣೆ. ಅವನು ತಿರುಗಿಸಿ ಕೇಳಿಸಿದ. ಆಲು.

“ನೋಡ್ದಾ? ನಿಂದೂ ತಿಂದಾಕ್ತು!” ಎಂದು ಕುಣಿದ. ಆಮೇಲೆ ತಾನೇ ಹೇಳಿದ. ಅವನದೂ ಆಲು. ಮನೆಯ ಮೂವರ ಹಕಾರವನ್ನೂ ಆ ಈಕ್ವಲೈಸರ್ ನುಂಗಿದೆ ಎಂದು ನಮಗೆ ಖಾತ್ರಿಯಾಯಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ, “ಬಿಟ್ಟಿ ಬಂದೋನು ಇನ್ನೇನು ತಿಂತಾನೆ, ಅವನ್ಗೂ ಒಟ್ಟೆ ಇಲ್ವಾ” ಅಂದಳು. ನಂದೀಶ ಅಷ್ಟಕ್ಕೇ ಬಿಡಲಿಲ್ಲ. ನಿಮ್ಮ ಈಕ್ವಲೈಸರ್ ಕನ್ನಡದ ಒಂದು ಅಕ್ಷರವನ್ನು ತಿನ್ನುತ್ತಿದೆ ಎಂದು ಅದನ್ನು ಮಾಡಿದವನಿಗೇ ದೂರು ಬರೆದ, ಅದೂ ಅಮ್ಮನ ಇಮೇಲಿನಿಂದ. ಆ ಪುಣ್ಯಾತ್ಮ, ‘ಪ್ರಿಯ ಕೃಷ್ಣಮ್ಮ, ನಿಮಗಾದ ತೊಂದರೆಗೆ ಕ್ಷಮಿಸಿ, ಯಾವ ಅಕ್ಷರ ದಯವಿಟ್ಟು ತಿಳಿಸಿ’ ಎಂದು ಉತ್ತರ ಬರೆದಿದ್ದ.

ಮೆಷಿನ್ ಕೆಟ್ಟಿದೆ ಎಂದು ನಾವು ಹೇಳಿದ್ದು ಕೇಳಿ ನಿವೇದಿತಾ ತಾವೇ ಬಂದರು. ಅಮ್ಮ ಆಗಿನ್ನೂ ಕಾಫಿ ತರಲು ಒಳಗೆ ಹೋಗಿದ್ದಳು. “ನಾನೊಂದ್ಸಲ ಹೇಳಿ ನೋಡ್ಲಾ?” ಎಂದು ಅದೇ ಮೈಕಿನ ಮುಂದೆ ಕೂತು ಅವರು, “ಹಕ್ಕಿ, ಹಾಲು, ಹುಣಸೆಹಣ್ಣು” ಅಂದರು. ನಂದೀಶ ಕೇಳಿಸಿದ. ಒಂದೊಂದು ಹ ಕೂಡ ತುಂಬಿದ ಕೊಡದ ಹಾಗೆ ಬಂತು.

ನಾನೂ ನಂದೀಶನೂ ಮುಖ ಮುಖ ನೋಡಿಕೊಂಡೆವು. “ಅಲ್ಲ ಅಕ್ಕ, ನಾವು ಅಂಗೆ ಏಳಲ್ವಾ?” ಎಂದು ಅವನು ಕೇಳಿದ. “ಏಳ್ತೀವಲ್ಲ, ಇನ್ನೆಂಗೆ ಏಳ್ತೀವಿ?” ಎಂದು ನಾನು ಹೇಳಿದೆ. ಹೇಳಿದ ಮೇಲೆ ನನ್ನ ಕಿವಿಗೇ ನನ್ನ ಮಾತು ಬಿತ್ತು. ಅಯ್ಯೋ ಶಿವನೇ! ಹಕಾರ ಮೈಕಿನವರೆಗೆ ಹೋಗಿಯೇ ಇರಲಿಲ್ಲ. ನಂದೀಶ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಿವೇದಿತಾ ಪಾಪ, “ಸಾರಿ, ನನಗೆ ನಿಜವಾಗ್ಲೂ ಗೊತ್ತಾಗ್ಲಿಲ್ಲ, ಸೌಂಡ್ ಪ್ರಾಬ್ಲಂ ಅಂದ್ಕೊಂಡೆ” ಎಂದು ಕೆಂಪಾದರು.

ಆಗ ನೋಡಿದರೆ ಅಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಎಲ್ಲ ಕೇಳಿಸಿಕೊಂಡಿದ್ದಳು. “ಅಂಗಂದ್ರೆ ಮಿಸೀನು ಏನೂ ತಿಂದಿಲ್ಲ. ನನ್ ಬಾಯಾಗೇ ಇಲ್ಲ” ಅಂದಳು. ನಮ್ಮ ಜೊತೆ ಒಂದಿಷ್ಟು ನಕ್ಕಳು ಕೂಡ. ಆದರೆ ಆ ನಗು ಕಣ್ಣಿಗೆ ಏರಲಿಲ್ಲ.

ಅವತ್ತಿನಿಂದ ಅಮ್ಮ ಮಾತು ಬಿಟ್ಟಳು. ಬೆಳಿಗ್ಗೆ ಎದ್ದರೆ ಬೀದಿಯ ಆ ತುದಿಯ ಹೂವಿನವಳಿಂದ ಹಿಡಿದು ಮೇಲಿನ ಮನೆಯ ಬಾಡಿಗೆದಾರರವರೆಗೆ ಎಲ್ಲರನ್ನೂ ಕೂಗಿ ಮಾತಾಡಿಸುತ್ತಿದ್ದವಳು, ಈಗ ಬರೀ ತಲೆಯಾಡಿಸುತ್ತಾಳೆ. ಹೂವಿನವಳನ್ನು ಕರೆಯುವ ಬದಲು ಕೈ ಸನ್ನೆ ಮಾಡುತ್ತಾಳೆ. ಹೂವು ಅನ್ನಬೇಕಾಗುತ್ತದಲ್ಲ, ಅದಕ್ಕೆ. ನನಗೆ ನಿವೇದಿತಾ ಅವರ ಮೇಲೆ ಸಿಟ್ಟು ಬಂತು, ಅವರದೇನೂ ತಪ್ಪಿಲ್ಲ ಎಂದು ಗೊತ್ತಿದ್ದೂ ಬಂತು. ಕಥೆ ಹಾಳಾಗಿ ಹೋಗಲಿ, ಅಮ್ಮ ಒಂದು ಸಲ ಮೊದಲಿನ ಹಾಗೆ ಬೈದರೆ ಸಾಕು ಅನ್ನಿಸಿತು.

ನಾವಾದರೂ ಸರಿಯಾಗಿ ಮಾತಾಡಿ ಅವಳಿಗೆ ಧೈರ್ಯ ಕೊಡೋಣ ಎಂದು ಹೊರಟೆವು. ಅದು ಇನ್ನೂ ಕೆಟ್ಟಿತು. ನಾನು ಅಂಗಡಿಗೆ ಬಂದ ಹೆಂಗಸಿಗೆ, “ಬ್ಲೌಸಿನ ಹಳತೆ ಕೊಡಿ” ಅಂದೆ. ನಂದೀಶ ಸೊಪ್ಪಿನವನನ್ನು “ಹಣ್ಣಾ” ಎಂದು ಕರೆದ, ಅದಕ್ಕೆ ಅವನು “ಹಣ್ಣು ಇಲ್ಲ ಸಾರ್, ಸೊಪ್ಪು ಮಾತ್ರ” ಅಂದ. ಅಮ್ಮನೂ ಹಟ ಹಿಡಿದು ಇನ್ನೊಂದು ಸಲ ಮೈಕಿನ ಮುಂದೆ ಕೂತಳು. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, “ಹೊಂದು ಹೂರಲ್ಲಿ ಹೊಬ್ಬ ಹಜ್ಜಿ ಹಿದ್ದಳು” ಎಂದು ಶುರು ಮಾಡಿದಳು. ಕಳ್ಳನನ್ನು ಬಿಟ್ಟು ಬೀದಿಯವರನ್ನೆಲ್ಲ ಹಿಡಿದು ತಂದ ಹಾಗೆ, ಬೇಡದ ಕಡೆಯೆಲ್ಲ ಹ ಬಂದು ಕೂತಿತ್ತು. ಹಕ್ಕಿ ಎನ್ನುವ ಕಡೆ ಮಾತ್ರ ಅಭ್ಯಾಸಬಲದಿಂದ ಅಕ್ಕಿ ಎಂದೇ ಬಂತು. ಅಮ್ಮ ಎದ್ದು ಹೋದಳು.

ನಂದೀಶ ಕೊನೆಯದಾಗಿ ಒಂದು ಕೆಲಸ ಮಾಡಿದ. ನಿವೇದಿತಾ ಅವರ ಹಕ್ಕಿ, ಹಾಲುಗಳಿಂದ ಬರೀ ಹ ಎಂಬ ಉಸಿರನ್ನು ಕತ್ತರಿಸಿ, ಅಮ್ಮನ ಮೊದಲ ರೆಕಾರ್ಡಿಂಗಿನ ‘ಅಕ್ಕಿ’ಯ ಶುರುವಿಗೆ ಅಂಟಿಸಿದ. ಮೊದಮೊದಲು ಅದು ಅಮ್ಮ ಮಾತಾಡುವಾಗ ಪಕ್ಕದಲ್ಲಿ ಯಾರೋ ಆಕಳಿಸಿದ ಹಾಗೆ ಕೇಳುತ್ತಿತ್ತು. ಆಗ ಬಿಟ್ಟಿ ಈಕ್ವಲೈಸರುಗಳು ಕೆಲಸಕ್ಕೆ ಬಂದವು. ಆ ಉಸಿರಿನ ದಪ್ಪ ತೆಳುವನ್ನು ಅಮ್ಮನ ದನಿಗೆ ಹೊಂದಿಸುತ್ತ ಹೊಂದಿಸುತ್ತ, ಹೊಲಿಗೆ ಕಾಣದ ಹಾಗೆ ಮಾಡಿದ. ಹೊಲಿಗೆಯ ಮಾತು ಬಂದರೆ ನನ್ನ ಮೆಚ್ಚುಗೆ ಸುಲಭಕ್ಕೆ ಸಿಗುವುದಿಲ್ಲ, ಆದರೂ ಭೇಷ್ ಅಂದೆ. ‘ಹಕ್ಕಿ’ಯೂ ಅಪ್ಪಟ, ‘ಹಾರಿತು’ ಅನ್ನುವುದೂ ಅಪ್ಪಟ.

ಅಮ್ಮನ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದ. ಅವಳು ಪೂರ್ತಿ ಕೇಳಿದಳು. “ಸಂದಾಗೈತೆ ಕಣಪ್ಪ. ಯಾರೋ ಓದ್ದೋರು ಏಳ್ದಂಗೈತೆ. ಯಾರ್ಲಾ ಅವ್ರು?” ಅಂದಳು.

ತಮಾಷೆಗೆ ಕೇಳಿದ್ದಲ್ಲ. ನಂದೀಶ ಅವಳ ಕಿವಿಯಿಂದ ಹೆಡ್‌ಫೋನ್ ತೆಗೆದ. ಆ ಫೈಲನ್ನು ಅಳಿಸಿಹಾಕಿ, ನಿವೇದಿತಾ ಅವರಿಗೆ ಫೋನ್ ಮಾಡಿದ. “ಮೇಡಂ, ನಮ್ಮಮ್ಮನ ಮಾತು ಇರೋದೇ ಇಂಗೆ. ನಾನು ತಿದ್ದಲ್ಲ. ಬೇಕು ಅಂದ್ರೆ ತಗೊಳ್ಳಿ, ಇಲ್ಲಾಂದ್ರೆ ಬ್ಯಾಡ” ಅಂದ. ಅಷ್ಟು ಆಸೆಯಿಂದ ಕಾದ ಕೆಲಸವನ್ನು ಹಾಗೆ ಬಿಟ್ಟುಕೊಟ್ಟಾಗ ನನ್ನ ತಮ್ಮನ ಮೇಲೆ ನನಗೆ ಹೆಮ್ಮೆಯಾಯಿತು. ಎದುರಿಗೆ ಹೇಳಲಿಲ್ಲ, ತಲೆ ಮೇಲೆ ಕೂತುಬಿಡುತ್ತಾನೆ.

ಭಾನುವಾರ ಬೆಳಿಗ್ಗೆ ನಿವೇದಿತಾ ಮನೆಗೆ ಬಂದರು. ಜೊತೆಯಲ್ಲಿ ಅವರ ಮಗಳು ಮತ್ತು ಮಗಳ ಇಬ್ಬರು ಗೆಳತಿಯರು. ಹಾಲ್‌ನಲ್ಲಿ ಕೂತು ನಿವೇದಿತಾ ಬಹಳ ಸಂಕೋಚದಿಂದ ಮಾತು ತೆಗೆದರು. “ನನಗೆ ಅಮ್ಮನೇ ಇಷ್ಟ ನಂದೀಶ್. ಆದ್ರೆ ಇವು ಕನ್ನಡ ಹೊಸದಾಗಿ ಕಲಿಯೋ ಮಕ್ಕಳು. ಎರಡು ಪದ ಒಂದೇ ಥರ ಕೇಳಿದ್ರೆ ಗೊಂದಲ ಆಗುತ್ತೆ. ಅದಕ್ಕೇ ನಾವು ಆ ಕಲಾವಿದೆ ಹತ್ರಾನೇ...”

ಅಷ್ಟರಲ್ಲಿ ಹೊರಗೆ ಜಗಲಿಯಲ್ಲಿ ಮಕ್ಕಳು ಅಮ್ಮನನ್ನು ಸುತ್ತಿಕೊಂಡಿದ್ದರು. “ಅಜ್ಜಿ, ಸ್ಟೋರಿ ಹೇಳಿ” ಅನ್ನುವುದು ಕೇಳಿಸಿತು.

“ನಂಗೆ ಬರಾಕಿಲ್ಲ ಕಣವ್ವ” ಅಂದಳು ಅಮ್ಮ. ಒಡಿಶಾದ ಕಡೆಯ ಹುಡುಗಿ, ಪ್ರಿಯಾಂಕಾ ಅಂತ, ಕೇಳಿದ್ದು ಅರ್ಥವಾಯಿತೋ ಇಲ್ಲವೋ, ಸೀದಾ ಬಂದು ಅಮ್ಮನ ತೊಡೆಯ ಮೇಲೆ ಕೂತಳು. ತೊಡೆಯ ಮೇಲೆ ಕೂತ ಮಗುವಿಗೆ ಇಲ್ಲ ಅನ್ನಲು ನಮ್ಮ ಅಮ್ಮನಿಗೆ ಹುಟ್ಟಿದಾಗಿನಿಂದ ಬಂದಿಲ್ಲ. ಮೆತ್ತಗೆ ಶುರು ಮಾಡಿದಳು.

“ಒಂದೂರಾಗೆ ಒಬ್ಳು ಅಜ್ಜಿ. ಅಂಗ್ಳದಾಗೆ ಅಕ್ಕಿ ಒಣಾಕಿದ್ಳು. ಒಂದು ಅಕ್ಕಿ ಬಂತು, ಅಕ್ಕಿ ತಿಂತು.”

“ಯಾವ ಅಕ್ಕಿ?” ಎಂದು ಕೇಳಿದಳು ಪ್ರಿಯಾಂಕಾ.

ಅಮ್ಮನ ಕಥೆ ನಿಂತಿತು. ಒಳಗೆ ನಿವೇದಿತಾ ಅವರ ಮಾತೂ ನಿಂತಿತು. ಇನ್ನು ಅಮ್ಮ ಎದ್ದು ಹೋಗುತ್ತಾಳೆ, ಜನ್ಮದಲ್ಲಿ ಬಾಯಿ ಬಿಡುವುದಿಲ್ಲ ಅಂದುಕೊಂಡೆ. ಅಮ್ಮ ಆ ಮಗುವಿನ ಮುಖ ನೋಡಿದಳು. ಅದರಲ್ಲಿ ಗೇಲಿ ಇರಲಿಲ್ಲ, ಯಾವ ಅಕ್ಕಿ ಎಂದು ತಿಳಿಯುವ ಆಸೆ ಮಾತ್ರ ಇತ್ತು.

“ರೆಕ್ಕೆ ಇರೋ ಅಕ್ಕಿ ಬಂದು, ರೆಕ್ಕೆ ಇಲ್ದಿರೋ ಅಕ್ಕಿ ತಿಂತು ಕಣವ್ವ!” ಅಂದಳು.

ಮಕ್ಕಳು ಕಿಲಕಿಲ ನಕ್ಕರು. ಅಮ್ಮನಿಗೂ ಹುರುಪು ಬಂತು. “ಅಜ್ಜಿ ಪೊರಕೆ ಎತ್ಕೊಂಡ್ಳು. ಅಕ್ಕಿ ಬುರ್ರಂತ ಆರೋಯ್ತು. ಯಾವ ಅಕ್ಕಿ?” ಎಂದು ತಾನೇ ಕೇಳಿದಳು. “ರೆಕ್ಕೆ ಅಕ್ಕಿ!” ಎಂದು ಮೂವರೂ ಕಿರುಚಿದರು. “ಅಜ್ಜಿ ಮಿಕ್ಕಿದ್ ಅಕ್ಕಿ ಬಾಚ್ಕೊಂಡ್ಳು. ಯಾವ ಅಕ್ಕಿ?” “ರೆಕ್ಕೆ ಇಲ್ದಿರೋ ಅಕ್ಕಿ!” ಅಮ್ಮ ಬೇಕೆಂದೇ ಎರಡನ್ನೂ ಕಲಸುವುದು, ಮಕ್ಕಳು ಬಿಡಿಸುವುದು. ಗೂಡಿನಲ್ಲಿ ಮರಿಗಳು ಹಸಿದು ಕೂಗುವ ಭಾಗ ಬಂದಾಗ ಅಮ್ಮನ ದನಿ ತಗ್ಗಿತು, ಮಕ್ಕಳು ಇನ್ನೂ ಹತ್ತಿರ ಸರಿದರು. ಅಜ್ಜಿ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಟ್ಟಾಗ ಪ್ರಿಯಾಂಕಾ ಚಪ್ಪಾಳೆ ತಟ್ಟಿದಳು.

ನಂದೀಶ ಯಾವಾಗ ಎದ್ದು ಹೋಗಿ ಮೈಕ್ ತಂದನೋ ಗೊತ್ತಿಲ್ಲ. ಮೈಕಿನ ತಂತಿಗೆ ಕಾಲು ಸಿಕ್ಕಿ ಮುಗ್ಗರಿಸಿ, ಜಗಲಿಯ ಕಂಬದ ಪಕ್ಕ ಮೊಣಕಾಲೂರಿ ಕೂತಿದ್ದ. ಬೀದಿಯಲ್ಲಿ ನೀರಿನ ಟ್ಯಾಂಕರ್ ಮೋಟಾರು ಗುರ್ರೆನ್ನುತ್ತಿತ್ತು. ನಿವೇದಿತಾ ಬಾಗಿಲಿಗೆ ಬಂದು ಬಾಯಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಕಥೆ ಮುಗಿದು ಮಕ್ಕಳು ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಗಲಾಟೆ ಎಬ್ಬಿಸಿದಾಗ, “ನಂದೀಶ್, ರೆಕಾರ್ಡ್ ಆಯ್ತು ತಾನೇ?” ಎಂದು ಕೇಳಿದರು.

“ಊಂ ಮೇಡಂ, ಎಲ್ಲಾನೂ” ಅಂದ.

“ಇದೇ ಇರ್ಲಿ. ಮಕ್ಕಳ ಗಲಾಟೆ ಸಮೇತ ಇದೇ ಇರ್ಲಿ. ಆ ಕಲಾವಿದೆಗೆ ನಾನೇ ಹೇಳ್ತೀನಿ.”

ಅವತ್ತು ನಂದೀಶ ಈಕ್ವಲೈಸರ್ ತೆರೆದದ್ದು ಟ್ಯಾಂಕರಿನ ಗುರ್ರನ್ನು ಇಳಿಸಲು ಮಾತ್ರ. ಅಮ್ಮನ ದನಿ ಇರುವ ಕಡೆ ಕೈಯನ್ನೇ ಇಡಲಿಲ್ಲ. ಕಥೆ ಬಂದ ಮೇಲೆ ಹೂಡಿಯ ಅಪಾರ್ಟ್‌ಮೆಂಟುಗಳಲ್ಲೆಲ್ಲ ‘ಯಾವ ಅಕ್ಕಿ’ ಎಂಬುದು ಮಕ್ಕಳ ಆಟವಾಗಿಬಿಟ್ಟಿದೆ. ಅಮ್ಮ ಬೀದಿಯ ಆ ತುದಿಯ ಹೂವಿನವಳನ್ನು ಮೊದಲಿನ ಹಾಗೆ, “ಏ ಊವಮ್ಮೋ” ಎಂದು ಕೂಗುತ್ತಾಳೆ. ಮೇಲಿನ ಮನೆಯವರಿಗೆ ನಿದ್ದೆ ಕೆಡುತ್ತದೆ. ಕೆಡಲಿ ಬಿಡಿ.

ಮೊನ್ನೆ ಪ್ರಿಯಾಂಕಾಳನ್ನು ಅವಳಮ್ಮ ಮುಂದಿನ ಕಥೆಗೆ ಕರೆದುಕೊಂಡು ಬಂದಿದ್ದರು. ಗೇಟಿನ ಮೇಲೆ ಪಾರಿವಾಳ ಬಂದು ಕೂತಿತು. ಹುಡುಗಿ ಕೈ ತೋರಿಸಿ, “ಅಜ್ಜಿ, ಅಕ್ಕಿ ಬಂತು!” ಅಂದಳು. ಅವಳಮ್ಮ ಆಫೀಸಿನ ಕನ್ನಡ ತರಗತಿಗೆ ಹೋಗುವವರು. “ಹಕ್ಕಿ, ಬೇಟಾ. ಹಕ್ಕಿ” ಎಂದು ತಿದ್ದಿದರು.

“ನೋ ಮಮ್ಮಾ. ನನ್ನ ಅಜ್ಜಿ ಅಕ್ಕಿ ಹೇಳ್ತಾರೆ” ಅಂದಳು ಪ್ರಿಯಾಂಕಾ.

ಅಮ್ಮ ಆ ಮಗುವಿನ ಕೆನ್ನೆ ಸವರಿ ಲಟಿಕೆ ಮುರಿದಳು. ಅವಳ ಕಣ್ಣು ತುಂಬಿತ್ತು. “ನಿಮ್ಮಮ್ಮ ಏಳಿದ್ದೂ ಸರಿ ಕಣವ್ವ, ನಾನು ಏಳಿದ್ದೂ ಸರಿ. ಬಾ, ಕೂತ್ಕೋ” ಎಂದು ತೊಡೆ ತಟ್ಟಿ, ಮೈಕನ್ನು ತಾನೇ ಹತ್ತಿರಕ್ಕೆ ಎಳೆದುಕೊಂಡಳು.